ಪುನರ್ಪುಳಿಯ ಮಂಜು ಪಾನಕ: ಅಂಗಳದ ಹಣ್ಣು, ಕುದಿಸಿದ ನೀರು



ಮಾರ್ಚ್ ತಿಂಗಳು ಬಂತೆಂದರೆ ನಮ್ಮ ಸವಣೂರು, ಪುತ್ತೂರು, ಕಡಬ, ಸುಳ್ಯದ ಕಡೆ ಸೆಕೆ ತಡೆಯಲಿಕ್ಕಾಗುವುದಿಲ್ಲ. ಬಿಸಿಲಿಗಿಂತಲೂ ಹೆಚ್ಚು ಕಷ್ಟ ಕೊಡುವುದು ಗಾಳಿಯಲ್ಲಿರುವ ತೇವ. ಬೆವರು ಸುರಿಯುತ್ತದೆ, ಆದರೆ ಆರುವುದಿಲ್ಲ. ಬೆವರು ಆರದಿದ್ದರೆ ಮೈ ತಣಿಯುವುದೂ ಇಲ್ಲ. ಅಡಿಕೆ ತೋಟದಿಂದ ಬಂದವರು, ರಬ್ಬರ್ ಟ್ಯಾಪಿಂಗ್ ಮುಗಿಸಿ ಬಂದವರು, ಬೀಡಿ ಕಟ್ಟುವ ತಾಯಂದಿರು, ರಜೆಯಲ್ಲಿ ಗುಡ್ಡೆ ಸುತ್ತಿ ಬರುವ ಮಕ್ಕಳು, ಎಲ್ಲರೂ ಕೇಳುವುದು ಒಂದೇ ಮಾತು: "ತಣ್ಣಗೆ ಎಂತಾದರೂ ಉಂಟಾ?"

ಆಗ ನಾವು ಮಕ್ಕಳ ಕೈಗೆ ಹಣ ಕೊಟ್ಟು ಅಂಗಡಿಗೆ ಕಳಿಸುತ್ತೇವೆ. ಅವರು ಬಣ್ಣದ ಐಸ್ ಕ್ಯಾಂಡಿ ಚೀಪುತ್ತಾ ಬರುತ್ತಾರೆ. ಅದರಲ್ಲಿ ಹಣ್ಣು ಎಷ್ಟು, ಬಣ್ಣ ಎಷ್ಟು, ಆ ನೀರು ಯಾವ ಬಾವಿಯದ್ದು ಎಂದು ನಾವು ಕೇಳುವುದಿಲ್ಲ. ಅದೇ ಹೊತ್ತಿಗೆ ನಮ್ಮ ಹಿತ್ತಿಲಲ್ಲಿ ಪುನರ್ಪುಳಿ ಹಣ್ಣಾಗಿ ಉದುರಿ ಕೊಳೆಯುತ್ತಾ ಇರುತ್ತದೆ. ಗೇರು ಗುಡ್ಡೆಯಲ್ಲಿ ಬೀಜ ಮಾತ್ರ ತೆಗೆದು ಹಣ್ಣನ್ನು ಬಿಸಾಡಿರುತ್ತೇವೆ. ಈ ಸಲ ಅಂಗಳದ ಹಣ್ಣಿನಿಂದಲೇ ಮನೆಯಲ್ಲಿ ಮಂಜು ಪಾನಕ ಮಾಡುವ ಕ್ರಮವನ್ನು, ಅದರ ಹಿಂದಿನ ಕಾರಣಗಳ ಸಮೇತ ತಿಳಿದುಕೊಳ್ಳೋಣ.

ಮೊದಲ ಮಾತು ನೀರಿನದ್ದು

ನಮ್ಮಲ್ಲಿ ಒಂದು ತಪ್ಪು ತಿಳುವಳಿಕೆ ಉಂಟು. "ಫ್ರೀಜರಿನಲ್ಲಿ ಇಟ್ಟರೆ ಕ್ರಿಮಿ ಎಲ್ಲ ಸಾಯುತ್ತದೆ" ಎಂದು ಅನೇಕರು ಹೇಳುತ್ತಾರೆ. ಇದು ಸರಿಯಲ್ಲ. ತಂಪಿನಲ್ಲಿ ಹೆಚ್ಚಿನ ರೋಗಾಣುಗಳು ಬೆಳೆಯುವುದನ್ನು ನಿಲ್ಲಿಸುತ್ತವೆ, ಅಷ್ಟೆ. ಮಂಜು ಕರಗಿದ ಕೂಡಲೇ ಮತ್ತೆ ಎಚ್ಚರಾಗುತ್ತವೆ. ಕಾಮಾಲೆ ತರುವ ವೈರಸ್ಸಂತೂ ಮಂಜುಗಡ್ಡೆಯಲ್ಲಿ ಸುಖವಾಗಿ ಉಳಿಯುತ್ತದೆ.

ಏಪ್ರಿಲ್, ಮೇ ತಿಂಗಳಲ್ಲಿ ಬಾವಿಯ ನೀರು ತಳಕ್ಕೆ ಇಳಿದಿರುತ್ತದೆ. ಇದ್ದ ಸ್ವಲ್ಪ ನೀರಿನಲ್ಲಿ ಕಲ್ಮಷದ ಪಾಲು ಹೆಚ್ಚು. ವಾಂತಿ ಭೇದಿ, ಟೈಫಾಯ್ಡ್, ಕಾಮಾಲೆ ಇವೆಲ್ಲ ನೀರಿನ ದಾರಿಯಲ್ಲಿ ಬರುವ ಕಾಯಿಲೆಗಳು. ಕಾಮಾಲೆಯಲ್ಲಿ 'ಇ' ಎಂಬ ಒಂದು ಬಗೆಯದ್ದು ಗರ್ಭಿಣಿಯರ ಪ್ರಾಣಕ್ಕೇ ಅಪಾಯ ತರಬಹುದು. ಆದ ಕಾರಣ ಪಾನಕಕ್ಕೆ ಹಾಕುವ ನೀರು ಕುದಿಸಿದ್ದೇ ಆಗಬೇಕು. "ಬಿಸಿ ಆಯಿತು" ಅಂದರೆ ಸಾಲದು. ಗುಳ್ಳೆ ಎದ್ದು ಕೊತಕೊತ ಕುದಿಯಬೇಕು, ಆ ಕುದಿ ಕನಿಷ್ಠ ಒಂದು ನಿಮಿಷ ನಿಲ್ಲಬೇಕು. ಐದು ನಿಮಿಷ ಬಿಟ್ಟರೆ ಮನಸ್ಸಿಗೂ ಸಮಾಧಾನ. ಕುದಿಸಿದ ನೀರಿಗೆ ಮತ್ತೆ ಕೈ ಅದ್ದಿದರೆ, ತೊಳೆಯದ ಸೌಟು ಹಾಕಿದರೆ ಕುದಿಸಿದ ಶ್ರಮ ವ್ಯರ್ಥ.

ಪುನರ್ಪುಳಿ ಎಂಬ ನಮ್ಮ ಹಣ್ಣು

ತುಳುವಿನಲ್ಲಿಯೂ ನಮ್ಮ ಕನ್ನಡದಲ್ಲಿಯೂ ಪುನರ್ಪುಳಿ, ಘಟ್ಟದ ಮೇಲೆ ಮತ್ತು ಉತ್ತರ ಕನ್ನಡದಲ್ಲಿ ಮುರುಗಲು, ಮಹಾರಾಷ್ಟ್ರದಲ್ಲಿ ಕೋಕಂ. ಎಲ್ಲ ಒಂದೇ. ಪಶ್ಚಿಮ ಘಟ್ಟದ ತಪ್ಪಲು ಮತ್ತು ಕರಾವಳಿಯೇ ಇದರ ತವರು. ಗೊಬ್ಬರ, ಔಷಧಿ, ನೀರಾವರಿ ಎಂತದೂ ಕೇಳದೆ ತೋಟದ ಬದಿಯಲ್ಲಿ ತನ್ನಷ್ಟಕ್ಕೆ ಬೆಳೆಯುತ್ತದೆ. ಏಪ್ರಿಲ್, ಮೇ ತಿಂಗಳಲ್ಲಿ ಹಣ್ಣು ಕಡು ಕೆಂಪಾಗುತ್ತದೆ.

ಈ ಹಣ್ಣಿನ ಸಿಪ್ಪೆಯಲ್ಲೇ ಹುಳಿಯೂ ಬಣ್ಣವೂ ಇರುವುದು. ಬೇರೆ ಬಣ್ಣ ಹಾಕುವ ಅಗತ್ಯವೇ ಇಲ್ಲ. ಆದರೆ ಹುಳಿ ಜೋರಾಗಿರುವುದರಿಂದ ಅಲ್ಯೂಮಿನಿಯಂ ಪಾತ್ರೆಯಲ್ಲಿ ಕುದಿಸಲೂ ಬಾರದು, ಇಡಲೂ ಬಾರದು. ಹುಳಿ ಆ ಲೋಹವನ್ನು ತಿನ್ನುತ್ತದೆ. ಸ್ಟೀಲ್, ಗಾಜು, ಪಿಂಗಾಣಿ ಭರಣಿ ಒಳ್ಳೆಯದು.

ಇನ್ನೊಂದು ಎಚ್ಚರ: ಬಾವಲಿ ಕಚ್ಚಿದ, ಹಕ್ಕಿ ಕುಕ್ಕಿದ, ಒಡೆದು ಬಿದ್ದ ಹಣ್ಣನ್ನು ತೆಗೆದುಕೊಳ್ಳಬೇಡಿ. 2018ರಲ್ಲಿ ಕೇರಳದ ಕೋಝಿಕ್ಕೋಡ್ ಕಡೆ ಕಾಣಿಸಿದ ನಿಪಾ ಜ್ವರ ಹಣ್ಣು ತಿನ್ನುವ ಬಾವಲಿಗಳಲ್ಲಿ ಇರುವ ವೈರಸ್ಸಿನಿಂದ ಬಂದದ್ದು. ಹೆದರುವ ಅಗತ್ಯವಿಲ್ಲ, ಗಾಯವಿಲ್ಲದ ಹಣ್ಣನ್ನು ಆರಿಸಿ ತೊಳೆದುಕೊಂಡರೆ ಆಯಿತು.

ಕಲ್ಲಾಗುವುದು ಏಕೆ, ಹುಡಿಯಾಗುವುದು ಹೇಗೆ?

"ನಾವು ಜ್ಯೂಸ್ ಮಾಡಿ ಫ್ರೀಜರಿನಲ್ಲಿ ಇಟ್ಟೆವು, ಕಲ್ಲಿನ ಹಾಗೆ ಆಯಿತು, ಚಮಚವೇ ಇಳಿಯಲಿಲ್ಲ" ಎನ್ನುವವರಿದ್ದಾರೆ. ಇದರ ಗುಟ್ಟು ಸಕ್ಕರೆಯಲ್ಲಿ ಉಂಟು. ಬರೀ ನೀರು ಸೊನ್ನೆ ಡಿಗ್ರಿಗೆ ಪೂರಾ ಗಟ್ಟಿಯಾಗುತ್ತದೆ. ಸಕ್ಕರೆ ಕರಗಿದ ನೀರು ಹಾಗಲ್ಲ. ಅದರಲ್ಲಿ ಮೊದಲು ನೀರಿನ ಅಂಶ ಮಾತ್ರ ಮಂಜಾಗುತ್ತದೆ. ಉಳಿದ ರಸದಲ್ಲಿ ಸಕ್ಕರೆ ಇನ್ನೂ ದಪ್ಪವಾಗಿ, ಮಂಜಿನ ಕಣಗಳ ನಡುವೆ ದ್ರವವಾಗಿಯೇ ಉಳಿಯುತ್ತದೆ. ಹೀಗಾಗಿ ಕುಡಿಯಲು ಬರುವ ಮಂಜಿನ ಹುಡಿ ಸಿಗುತ್ತದೆ.

ಒಂದು ಲೀಟರ್ ನೀರಿಗೆ ಸುಮಾರು 150 ಗ್ರಾಂ ಸಕ್ಕರೆ ಸರಿಯಾದ ಲೆಕ್ಕ. ತೀರಾ ಕಡಿಮೆ ಹಾಕಿದರೆ ಕಲ್ಲಾಗುತ್ತದೆ, ತೀರಾ ಹೆಚ್ಚು ಹಾಕಿದರೆ ಗಟ್ಟಿಯೇ ಆಗುವುದಿಲ್ಲ. ಎರಡನೆಯ ಗುಟ್ಟು ಕೆರೆಯುವುದು. ನಡುನಡುವೆ ಕದಡಿದರೆ ಮಂಜು ದೊಡ್ಡ ಗಡ್ಡೆಯಾಗದೆ ಸಣ್ಣ ಸಣ್ಣ ಕಣವಾಗುತ್ತದೆ.

ಬೇಕಾಗುವ ಸಾಮಾನು

ಚೆನ್ನಾಗಿ ಹಣ್ಣಾದ ಪುನರ್ಪುಳಿ 10ರಿಂದ 12
ನೀರು ಒಂದು ಲೀಟರಿಗಿಂತ ಸ್ವಲ್ಪ ಹೆಚ್ಚು (ಕುದಿಯುವಾಗ ಆವಿಯಾಗಿ ಹೋಗುವ ಪಾಲು ಸೇರಿಸಿ)
ಸಕ್ಕರೆ 150 ಗ್ರಾಂ
ಉಪ್ಪು ಒಂದು ಚಿಟಿಕೆ
ಹುರಿದ ಜೀರಿಗೆ ಹುಡಿ ಅರ್ಧ ಚಮಚ, ಅಥವಾ ಎರಡು ಏಲಕ್ಕಿ

ಹಸಿ ಹಣ್ಣಿನ ಕಾಲ ಅಲ್ಲದಿದ್ದರೆ ಒಣಗಿಸಿಟ್ಟ ಸಿಪ್ಪೆ 15 ತುಂಡು ಸಾಕು.

ಮಾಡುವ ಕ್ರಮ

ಹಣ್ಣನ್ನು ತೊಳೆದು ಎರಡು ಹೋಳು ಮಾಡಿ. ಬೀಜವನ್ನು ಬೇರೆ ತೆಗೆದಿಡಿ. ಬಿಸಾಡಬೇಡಿ, ಒಣಗಿಸಿದರೆ ಅದರಿಂದ ತುಪ್ಪದಂಥ ಎಣ್ಣೆ ತೆಗೆಯಬಹುದು. ಹಿಮ್ಮಡಿ ಒಡೆದವರಿಗೆ ಹಚ್ಚಲು ಹಿರಿಯರು ಅದನ್ನೇ ಇಟ್ಟುಕೊಳ್ಳುತ್ತಿದ್ದರು.

ಸ್ಟೀಲ್ ಪಾತ್ರೆಯಲ್ಲಿ ನೀರು, ಸಿಪ್ಪೆ ಹಾಕಿ ಒಲೆಯ ಮೇಲಿಡಿ. ಕುದಿ ಬಂದ ಮೇಲೆ ಐದು ನಿಮಿಷ ಕುದಿಸಿ. ಹೀಗೆ ಮಾಡಿದರೆ ನೀರೂ ಹಣ್ಣೂ ಒಟ್ಟಿಗೆ ಶುದ್ಧವಾಗುತ್ತವೆ. ಒಲೆಯಿಂದ ಇಳಿಸಿ ಸಕ್ಕರೆ, ಉಪ್ಪು, ಜೀರಿಗೆ ಸೇರಿಸಿ, ಮುಚ್ಚಿ ತಣಿಯಲು ಬಿಡಿ. ತಣಿದ ನಂತರ ಶುದ್ಧವಾದ ಸೌಟಿನಿಂದ ಸಿಪ್ಪೆಯನ್ನು ಒತ್ತಿ ಸೋಸಿ. ರುಚಿ ನೋಡುವಾಗ ಸ್ವಲ್ಪ ಸಿಹಿ ಹೆಚ್ಚಾಯಿತು ಅನ್ನಿಸಬೇಕು, ಯಾಕೆಂದರೆ ನಾಲಿಗೆ ತಂಪಾದಾಗ ಸಿಹಿ ಕಡಿಮೆ ಗೊತ್ತಾಗುತ್ತದೆ.

ಅಗಲದ ಸ್ಟೀಲ್ ಡಬ್ಬಿಯಲ್ಲಿ ಎರಡು ಬೆರಳಿನಷ್ಟು ಆಳಕ್ಕೆ ಮಾತ್ರ ಹೊಯ್ದು, ಮುಚ್ಚಳ ಹಾಕಿ ಫ್ರೀಜರಿನಲ್ಲಿ ಇಡಿ. ಆಳ ಹೆಚ್ಚಾದರೆ ಗಂಟೆಗಟ್ಟಲೆ ಕಾಯಬೇಕು. ಸುಮಾರು ಒಂದೂವರೆ ಗಂಟೆಯಾದಾಗ ಅಂಚಿನಲ್ಲಿ ಮಂಜು ಹಿಡಿದಿರುತ್ತದೆ. ಮುಳ್ಳುಚಮಚದಿಂದ ಅಂಚನ್ನು ಕೆರೆದು ನಡುವಿಗೆ ತನ್ನಿ. ಪುನಃ ಇಡಿ. ಅರ್ಧ ಗಂಟೆಗೊಮ್ಮೆ ಹೀಗೆ ಮೂರು ನಾಲ್ಕು ಸಲ ಕೆರೆದರೆ ಕೆಂಪು ಮಂಜಿನ ಹುಡಿ ತಯಾರು. ಹಳೆಯ ಒಂದೇ ಬಾಗಿಲಿನ ಫ್ರಿಜ್ಜಿನಲ್ಲಿ ಸಮಯ ಹೆಚ್ಚು ಬೇಕಾಗುತ್ತದೆ, ಬಾಗಿಲು ಮತ್ತೆ ಮತ್ತೆ ತೆರೆಯದಂತೆ ಮಕ್ಕಳಿಗೆ ಹೇಳಿ. ಒಂದು ಲೀಟರಿಗೆ ಏಳೆಂಟು ಸಣ್ಣ ಲೋಟ ಆಗುತ್ತದೆ.

ಕರೆಂಟು ಹೋಗಿ ಪೂರಾ ಕರಗಿದರೆ ಅದೇ ದಿನ ಪಾನಕವಾಗಿ ಕುಡಿದು ಮುಗಿಸಿ. ಹೊರಗೆ ಬಿಸಿಯಲ್ಲಿ ಬಹಳ ಹೊತ್ತು ಇದ್ದದ್ದನ್ನು ಮತ್ತೆ ಗಟ್ಟಿ ಮಾಡಿ ಕೊಡುವುದು ಬೇಡ.

ಫ್ರಿಜ್ ಇಲ್ಲದ ಮನೆಯಲ್ಲಿ

ಫ್ರಿಜ್ ಇಲ್ಲದವರಿಗೂ ದಾರಿ ಉಂಟು. ಮಂಜುಗಡ್ಡೆಗೆ ಉಪ್ಪು ಹಾಕಿದರೆ ಅದು ಬೇಗ ಕರಗುತ್ತದೆ. ಕರಗಲು ಬೇಕಾದ ಶಾಖವನ್ನು ಸುತ್ತಮುತ್ತಲಿನಿಂದ ಎಳೆದುಕೊಳ್ಳುತ್ತದೆ. ಹಾಗಾಗಿ ಉಪ್ಪು ಸೇರಿದ ಮಂಜು ಸೊನ್ನೆಗಿಂತ ಹದಿನೈದು ಡಿಗ್ರಿಗೂ ಕೆಳಗೆ ಇಳಿಯಬಲ್ಲುದು. ಫ್ರಿಜ್ ಬರುವ ಮೊದಲು ಐಸ್ ಕ್ರೀಂ ಮಾಡುತ್ತಿದ್ದದ್ದು ಇದೇ ಉಪಾಯದಿಂದ.

ಮೂರು ಕಿಲೋ ಹುಡಿ ಮಾಡಿದ ಮಂಜುಗಡ್ಡೆಗೆ ಒಂದು ಕಿಲೋ ಕಲ್ಲುಪ್ಪು. ಬಕೆಟಿನಲ್ಲಿ ಒಂದು ಪದರ ಮಂಜು, ಒಂದು ಪದರ ಉಪ್ಪು ಹಾಕಿ, ನಡುವೆ ಪಾನಕ ತುಂಬಿದ, ಬಿಗಿ ಮುಚ್ಚಳದ ಸ್ಟೀಲ್ ತೂಕುಪಾತ್ರೆ ಇಡಿ. ಹೊರಗಿನ ಮಂಜು ಮುಚ್ಚಳದಿಂದ ಕೆಳಗೇ ಇರಲಿ, ಉಪ್ಪುನೀರು ಒಳಗೆ ಹೋಗಬಾರದು. ಬಕೆಟಿಗೆ ಗೋಣಿ ಸುತ್ತಿ, ಪಾತ್ರೆಯನ್ನು ಆಗಾಗ ತಿರುಗಿಸುತ್ತಾ, ಹತ್ತು ನಿಮಿಷಕ್ಕೊಮ್ಮೆ ಮುಚ್ಚಳ ತೆಗೆದು ಕೆರೆಯಿರಿ. ಮುಕ್ಕಾಲು ಗಂಟೆಯ ಒಳಗೆ ಮಂಜು ಹಿಡಿಯುತ್ತದೆ. ಉಪ್ಪು ಹಾಕಿದ ಮಂಜನ್ನು ಬರಿಗೈಯಲ್ಲಿ ಹಿಡಿಯಬೇಡಿ, ಚರ್ಮಕ್ಕೆ ಸುಟ್ಟ ಹಾಗೆ ಗಾಯವಾಗುತ್ತದೆ.

ಇಲ್ಲಿ ಒಂದು ಮುಖ್ಯ ಮಾತು. ಮೀನಿನ ಗಾಡಿಯಲ್ಲಿ ಬರುವ ಮಂಜುಗಡ್ಡೆ ಮೀನು ಹಾಳಾಗದಿರಲು ಮಾಡಿದ್ದು, ಕುಡಿಯಲು ಅಲ್ಲ. ಅದನ್ನು ಪಾತ್ರೆಯ ಹೊರಗೆ ಬಳಸಬಹುದು, ಲೋಟದ ಒಳಗೆ ಯಾವತ್ತೂ ಹಾಕಬಾರದು. ಮದುವೆ, ಜಾತ್ರೆ, ಇಗರ್ಜಿಯ ಹಬ್ಬದಲ್ಲಿ ಸಾವಿರ ಜನರಿಗೆ ಪಾನಕ ಮಾಡುವಾಗ ಈ ತಪ್ಪು ಸುಲಭವಾಗಿ ಆಗಿಬಿಡುತ್ತದೆ. ಒಬ್ಬರ ಅವಸರಕ್ಕೆ ಊರೇ ಮಲಗಬೇಕಾಗುತ್ತದೆ. ಅಡುಗೆ ಉಸ್ತುವಾರಿ ವಹಿಸಿದವರು ಪಾನಕದ ಪಾತ್ರೆಯನ್ನೇ ಮಂಜಿನ ಮೇಲೆ ಇಟ್ಟು ತಣಿಸಲಿ.

ಗೇರುಹಣ್ಣಿನಿಂದಲೂ ಆಗುತ್ತದೆ

ಪೋರ್ಚುಗೀಸರು ಬ್ರೆಜಿಲಿನಿಂದ ತಂದ ಗೇರು ನಮ್ಮ ಗುಡ್ಡೆಗಳಿಗೆ ಹೊಂದಿಕೊಂಡಿದೆ. ಇದರ ಹಣ್ಣಿನಲ್ಲಿ ಸಿ ಜೀವಸತ್ವ ಕಿತ್ತಳೆಗಿಂತ ಹಲವು ಪಟ್ಟು ಹೆಚ್ಚು. ಆದರೂ ನಾವು ಬಿಸಾಡುವುದು ಅದರ ಒಗರಿನಿಂದಾಗಿ. 1986ರಲ್ಲಿ ರಾಷ್ಟ್ರೀಯ ಗೇರು ಸಂಶೋಧನಾ ಕೇಂದ್ರವಾಗಿ ಆರಂಭವಾಗಿ, ಈಗ ಗೇರು ಸಂಶೋಧನಾ ನಿರ್ದೇಶನಾಲಯ ಎನಿಸಿಕೊಂಡ ಸಂಸ್ಥೆ ನಮ್ಮ ಪುತ್ತೂರಿನಲ್ಲೇ ಉಂಟು. ಗೇರುಹಣ್ಣಿನ ಬಳಕೆಯ ಬಗ್ಗೆಯೂ ಅಲ್ಲಿ ಕೆಲಸ ನಡೆದಿದೆ.

ಒಗರು ತೆಗೆಯುವ ಕ್ರಮ ಸುಲಭ. ಒಂದು ಲೀಟರ್ ರಸಕ್ಕೆ ಸುಮಾರು 5 ಗ್ರಾಂ ಸಾಬಕ್ಕಿ ಹುಡಿಯನ್ನು ಸ್ವಲ್ಪ ನೀರಿನಲ್ಲಿ ಬೇಯಿಸಿ ಗಂಜಿ ಮಾಡಿ, ತಣಿಸಿ, ರಸಕ್ಕೆ ಸೇರಿಸಿ ಕಲಕಿ. ಫ್ರಿಜ್ಜಿನ ಕೆಳಭಾಗದಲ್ಲಿ ರಾತ್ರಿ ಇಡಿ. ಒಗರಿನ ಅಂಶ ಗಂಜಿಯೊಡನೆ ಅಡಿಗೆ ಕೂರುತ್ತದೆ. ಮೇಲಿನ ತಿಳಿಯನ್ನು ಬಗ್ಗಿಸಿ ಒಂದು ಕುದಿ ಬರಿಸಿ, ಸಿಹಿ ನೋಡಿಕೊಂಡು ಸಕ್ಕರೆ ಹಾಕಿ, ಮೇಲೆ ಹೇಳಿದಂತೆ ಮಂಜು ಮಾಡಿ. ಗೇರುರಸ ಸೆಕೆಯಲ್ಲಿ ಬೇಗ ಹುಳಿಯುವುದರಿಂದ ಹಣ್ಣು ಹೆಕ್ಕಿದ ದಿನವೇ ಕೆಲಸ ಶುರುವಾಗಬೇಕು.

ಮುಂದಿನ ಬೇಸಿಗೆಗೆ ಈಗಲೇ ತಯಾರಿ

ನಮ್ಮ ಸೆಕೆ ಫೆಬ್ರವರಿ ಕೊನೆಗೇ ಶುರುವಾಗುತ್ತದೆ, ಪುನರ್ಪುಳಿ ಹಣ್ಣಾಗುವುದು ಏಪ್ರಿಲ್, ಮೇಯಲ್ಲಿ. ಜೂನಿನಲ್ಲಿ ಮಳೆ ಹಿಡಿದರೆ ಉಳಿದ ಹಣ್ಣೆಲ್ಲ ಮಣ್ಣುಪಾಲು. ಆದ್ದರಿಂದ ಬಿಸಿಲು ಇರುವಾಗಲೇ ಎರಡು ಕೆಲಸ ಮಾಡಿಟ್ಟುಕೊಳ್ಳಿ. ಒಂದು, ಸಿಪ್ಪೆಯನ್ನು ಚೆನ್ನಾಗಿ ಒಣಗಿಸಿ, ಗಾಳಿಯಾಡದ ಡಬ್ಬಿಯಲ್ಲಿ ಹಾಕಿಡುವುದು. ಎರಡು, ಒಂದು ಕಿಲೋ ಸಿಪ್ಪೆಗೆ ಎರಡು ಕಿಲೋ ಸಕ್ಕರೆ ಲೆಕ್ಕದಲ್ಲಿ, ಒಣಗಿದ ಭರಣಿಯಲ್ಲಿ ಪದರ ಪದರವಾಗಿ ತುಂಬಿ, ಬಾಯಿಗೆ ಬಟ್ಟೆ ಕಟ್ಟಿ ಏಳೆಂಟು ದಿನ ಬಿಸಿಲಿಗಿಡುವುದು. ಸಕ್ಕರೆ ಕರಗಿ ದಪ್ಪ ರಸ ಬಿಡುತ್ತದೆ. ಸೋಸಿ ಬಾಟಲಿಗೆ ತುಂಬಿಟ್ಟರೆ ಅದು ಮುಂದಿನ ಮಾರ್ಚಿಗೆ ಒದಗುತ್ತದೆ. ಒಂದು ಪಾಲು ರಸಕ್ಕೆ ಕುದಿಸಿ ತಣಿಸಿದ ನೀರು ನಾಲ್ಕೈದು ಪಾಲು.

ಸ್ವಸಹಾಯ ಸಂಘದ ಸದಸ್ಯರು ಒಟ್ಟಾಗಿ ಹೆಕ್ಕಿ, ಒಟ್ಟಾಗಿ ಒಣಗಿಸಿದರೆ ಕೆಲಸ ಹಗುರ, ಸಕ್ಕರೆಯೂ ಸಗಟು ದರಕ್ಕೆ ಸಿಗುತ್ತದೆ. ಮನೆಗೆ ಬೇಕಾದದ್ದನ್ನು ಇಟ್ಟುಕೊಂಡು ಉಳಿದದ್ದನ್ನು ಮಾರುವ ಆಲೋಚನೆ ಇದ್ದರೆ, 2006ರ ಆಹಾರ ಸುರಕ್ಷತಾ ಕಾಯ್ದೆಯ ಪ್ರಕಾರ ನೋಂದಣಿ ಮಾಡಿಸಿಕೊಳ್ಳಬೇಕು. ಬಾಟಲಿಯ ಮೇಲೆ ತಯಾರಿಸಿದ ದಿನಾಂಕ ಬರೆಯುವುದನ್ನು ಈಗಿನಿಂದಲೇ ರೂಢಿ ಮಾಡಿಕೊಳ್ಳಿ.

ಇವರು ಜಾಗ್ರತೆ ವಹಿಸಲಿ

ಮೇಲಿನ ಲೆಕ್ಕದಲ್ಲಿ ಒಂದು ಸಣ್ಣ ಲೋಟದಲ್ಲಿ ಸುಮಾರು 20 ಗ್ರಾಂ, ಅಂದರೆ ನಾಲ್ಕೈದು ಚಮಚ ಸಕ್ಕರೆ ಇರುತ್ತದೆ. ಮಕ್ಕಳಿಗಾದರೂ ದಿನಕ್ಕೆ ಒಂದು ಲೋಟ ಸಾಕು. ಸಕ್ಕರೆ ಕಾಯಿಲೆ ಇದ್ದವರಿಗೆ ಇದು ಬೇಡ. ಅವರು ಸಕ್ಕರೆ ಹಾಕದೆ, ಉಪ್ಪು ಜೀರಿಗೆ ಮಾತ್ರ ಹಾಕಿದ ಪುನರ್ಪುಳಿ ನೀರನ್ನು ತಣ್ಣಗೆ ಕುಡಿಯಬಹುದು. ಹೊಟ್ಟೆ ಹುಣ್ಣು ಇದ್ದವರಿಗೆ ಹುಳಿ ತೊಂದರೆ ಕೊಡಬಹುದು.

ಬಾಯಾರಿಕೆಗೆ ಮೊದಲ ಮದ್ದು ನೀರೇ. ಮಂಜು ಪಾನಕ ಅದರ ಜಾಗ ತುಂಬುವುದಿಲ್ಲ. ವಾಂತಿ ಭೇದಿ ಆದಾಗಲಂತೂ ಪಾನಕ ಕೊಡಬೇಡಿ. ಓಆರ್‌ಎಸ್ ಪೊಟ್ಟಣ ಸಿಗದಿದ್ದರೆ ಒಂದು ಲೀಟರ್ ಕುದಿಸಿ ತಣಿಸಿದ ನೀರಿಗೆ ಆರು ಸಮ ಟೀ ಚಮಚ ಸಕ್ಕರೆ, ಅರ್ಧ ಟೀ ಚಮಚ ಉಪ್ಪು ಹಾಕಿ ಸ್ವಲ್ಪ ಸ್ವಲ್ಪವೇ ಕುಡಿಸುತ್ತಾ ಆರೋಗ್ಯ ಕೇಂದ್ರಕ್ಕೆ ಕರೆದೊಯ್ಯಿರಿ. ಬಿಸಿಲಿನಲ್ಲಿ ಕೆಲಸ ಮಾಡಿದವರಿಗೆ ತಲೆ ತಿರುಗಿ ಮಾತು ತೊದಲಿದರೆ, ಮೈ ಕೆಂಡವಾದರೆ ತಡಮಾಡಬೇಡಿ. ನೆರಳಿಗೆ ತಂದು ಮೈಗೆ ನೀರು ಹಾಕಿ ಗಾಳಿ ಬೀಸಿ, ಕೂಡಲೇ ಆಸ್ಪತ್ರೆಗೆ ಸಾಗಿಸಿ. ಎಚ್ಚರ ತಪ್ಪಿದವರ ಬಾಯಿಗೆ ಎಂತದೂ ಹೊಯ್ಯಬಾರದು.

ಕೊನೆಯ ಮಾತು

ತಪಸ್ಸು ಕಾಲದಲ್ಲಿ ಶಿಲುಬೆಯ ಹಾದಿ ನಡೆದು ಗುಡ್ಡೆ ಇಳಿದು ಬರುವವರಿಗೆ ನಮ್ಮಲ್ಲಿ ಪಾನಕ ಕೊಡುವ ಕ್ರಮ ಹಲವೆಡೆ ಉಂಟು. ಬಾಯಾರಿದವರಿಗೆ ಕೊಡುವ ಒಂದು ಲೋಟ ತಣ್ಣೀರಿನ ಬಗ್ಗೆ ಯೇಸುಸ್ವಾಮಿ ಹೇಳಿದ್ದು ನಮಗೆಲ್ಲ ಗೊತ್ತು. ಆ ಲೋಟ ತಣ್ಣಗಿದ್ದರೆ ಸಾಲದು, ಶುದ್ಧವಾಗಿಯೂ ಇರಬೇಕು. ಈ ಭಾನುವಾರ ಪೂಜೆ ಮುಗಿಸಿ ಮನೆಗೆ ಬಂದ ಮೇಲೆ ಮಕ್ಕಳನ್ನು ಕರೆದುಕೊಂಡು ಹಿತ್ತಿಲಿಗೆ ಹೋಗಿ ಹಣ್ಣು ಹೆಕ್ಕಿ ತನ್ನಿ. ಮಂಜು ಕೆರೆಯುವ ಕೆಲಸ ಅವರಿಗೇ ಕೊಡಿ, ಸಂತೋಷದಿಂದ ಮಾಡುತ್ತಾರೆ. ಒಂದು ಲೋಟ ಪಕ್ಕದ ಮನೆಯ ಅಜ್ಜ ಅಜ್ಜಿಯರಿಗೂ ಹೋಗಲಿ.