ಸಮುದ್ರಕ್ಕೂ ಒಂದು ಕೋಡಿ

ಯಲಹಂಕ ಕೆರೆಯ ಏರಿಯ ಮೇಲೆ ಭಾನುವಾರ ಬೆಳಿಗ್ಗೆ ನಾನೂ ನನ್ನ ಮೊಮ್ಮಗಳೂ ನಡೆಯುವುದುಂಟು. ಹೆಜ್ಜಾರ್ಲೆಗಳನ್ನು ಎಣಿಸುವುದು ಅವಳ ಕೆಲಸ, ಅವಳ ಹಿಂದೆ ಏದುಸಿರು ಬಿಡುವುದು ನನ್ನ ಕೆಲಸ. ಐದನೇ ತರಗತಿಯ ಪರೀಕ್ಷೆ ಹತ್ತಿರವಿದ್ದಾಗ ಒಂದು ದಿನ ಕೇಳಿದಳು, "ತಾತ, ಸಮುದ್ರ ಅಂದ್ರೆ ಇದಕ್ಕಿಂತ ಎಷ್ಟು ದೊಡ್ಡ ಕೆರೆ?"

ಹತ್ತು ವರ್ಷದ ಹುಡುಗಿ ಇನ್ನೂ ಕಡಲು ನೋಡಿಲ್ಲ ಎಂಬುದು ನನಗೆ ಆಗಲೇ ಹೊಳೆದದ್ದು. ಪರೀಕ್ಷೆ ಮುಗಿದ ಮೇಲೆ ಯಶವಂತಪುರದಲ್ಲಿ ಕಾರವಾರದ ರೈಲು ಹತ್ತಿದೆವು. ನಾನು, ಅವಳು, ಜೊತೆಗೆ ಅವಳ ಅಜ್ಜಿ.

ಗೋಕರ್ಣ ರೋಡ್ ನಿಲ್ದಾಣದಿಂದ ಊರಿಗೆ ಇನ್ನೂ ಹತ್ತು ಕಿಲೋಮೀಟರ್‌ನಷ್ಟು ದಾರಿ. ಅಲ್ಲಿಯವರೆಗೆ ಆಟೋ. ಆಮೇಲೆ ಕಾಲೇ ಗಾಡಿ ಎಂದು ಮೊದಲೇ ಒಪ್ಪಂದವಾಗಿತ್ತು. ಗೋಕರ್ಣ ನಡೆಯುವವರಿಗೆಂದೇ ಕಟ್ಟಿದಂಥ ಊರು. ರಥಬೀದಿಯ ಒಂದು ತುದಿಯಲ್ಲಿ ನಿಂತರೆ ದೇವಸ್ಥಾನ, ಹೂವಿನಂಗಡಿ, ಪುರೋಹಿತರ ಹಳೆಯ ಮನೆಗಳು, ಬೆನ್ನಿಗೆ ಚೀಲ ಹೊತ್ತು ಬರಿಗಾಲಲ್ಲಿ ಓಡಾಡುವ ವಿದೇಶಿಯರು, ಶಿವರಾತ್ರಿಯಲ್ಲಿ ಎಳೆಯುವ ದೊಡ್ಡ ತೇರು ಎಲ್ಲವೂ ಕಣ್ಣಳತೆಯಲ್ಲೇ. ಬೀದಿ ಮುಗಿಯಿತು ಎನ್ನುವಷ್ಟರಲ್ಲಿ ಮರಳು, ಅದರಾಚೆ ನೀರು.

ಮೊದಲು ಮಹಾಗಣಪತಿ, ಆಮೇಲೆ ಮಹಾಬಲೇಶ್ವರ. ಅದು ಅಲ್ಲಿಯ ಕ್ರಮ. ರಾವಣ ಆತ್ಮಲಿಂಗವನ್ನು ಲಂಕೆಗೆ ಒಯ್ಯುತ್ತಿದ್ದದ್ದು, ಸಂಧ್ಯಾವಂದನೆಯ ಹೊತ್ತಿಗೆ ದನ ಕಾಯುವ ಹುಡುಗನ ವೇಷದಲ್ಲಿದ್ದ ಗಣಪನ ಕೈಗೆ ಕೊಟ್ಟದ್ದು, ಅವನು ಮೂರು ಸಲ ಕೂಗಿ ನೆಲಕ್ಕಿಟ್ಟದ್ದು ನನ್ನ ವಾರಿಗೆಯ ಓದುಗರಿಗೆ ಗೊತ್ತೇ ಇದೆ. ಮಕ್ಕಳೇ, ನಿಮಗೆ ಗೊತ್ತಿಲ್ಲದಿದ್ದರೆ ಈ ರಾತ್ರಿ ಅಜ್ಜಿಯನ್ನು ಕೇಳಿ. ನಮ್ಮ ಹುಡುಗಿ ಕಥೆ ಪೂರ್ತಿ ಕೇಳಿ ಹೇಳಿದ್ದು ಇಷ್ಟೇ: "ಗಣಪ ಬೇಗ ಬೇಗ ಕೂಗಿದ್ದಾನೆ, ಅದು ಚೀಟಿಂಗ್."

ಅಜ್ಜಿ ರಥಬೀದಿಯಲ್ಲೇ ಉಳಿದಳು. ಅಲ್ಲಿ ಕೊರಳ ತುಂಬ ಮಣಿಸರ ಹಾಕಿದ ಹಾಲಕ್ಕಿ ಒಕ್ಕಲಿಗರ ಹೆಂಗಸರು ಸೊಪ್ಪು, ತರಕಾರಿ ಹರವಿಕೊಂಡು ಕೂತಿದ್ದರು. ಜಡೆಯಂತೆ ಹೆಣೆದ ಕುಮಟಾದ ಸಿಹಿ ಈರುಳ್ಳಿಯ ಗೊಂಚಲೂ ಅಂಗಡಿಗಳಲ್ಲಿ ತೂಗುತ್ತಿದ್ದವು. ತರಕಾರಿ ಮುಂದೆ ಕೂತವಳನ್ನು ಎಬ್ಬಿಸುವ ಶಕ್ತಿ ರಾವಣನಿಗೂ ಇಲ್ಲ. ನಾವಿಬ್ಬರೇ ಹೊರಟೆವು.

ಊರ ಕಡಲ ತೀರದ ದಕ್ಷಿಣಕ್ಕೆ ಗುಡ್ಡದ ಬುಡದಲ್ಲಿ ರಾಮ ದೇವಸ್ಥಾನ. ಅದರ ಪಕ್ಕ ರಾಮತೀರ್ಥ ಎಂಬ ಒರತೆ. ಒಂದು ಕಡೆ ಬಾಯಿಗಿಡಲಾಗದ ಉಪ್ಪುನೀರು, ಹತ್ತು ಹೆಜ್ಜೆ ಮೇಲೆ ಸಿಹಿನೀರು. ಇದೇನು ವಿಚಿತ್ರ ಎಂದಳು. ಗುಡ್ಡವೆಲ್ಲ ತೂತು ತೂತಾದ ಕೆಂಪು ಚಿರೆಕಲ್ಲು. ಮಳೆಗಾಲದ ನೀರನ್ನು ಅದು ಕುಡಿದುಕೊಂಡು, ಬುಡದಲ್ಲಿ ಸ್ವಲ್ಪ ಸ್ವಲ್ಪವೇ ಬಿಟ್ಟುಕೊಡುತ್ತದೆ. ಮೈ ತುಂಬ ತೂತಿರುವ ಮಣ್ಣಿನ ಹೂಜಿ ಬೆವರುತ್ತದಲ್ಲ, ಹಾಗೆ.

ಅಲ್ಲಿಂದ ಮೆಟ್ಟಿಲು ಹತ್ತಿ, ಗುಡ್ಡದ ಮೇಲಿನ ಬಯಲು ದಾಟಿ, ಮತ್ತೆ ಇಳಿದರೆ ಕುಡ್ಲೆ ತೀರ. ಮಕ್ಕಳ ಕಾಲಿಗೆ ಇಪ್ಪತ್ತು ನಿಮಿಷ, ನನ್ನ ಮಂಡಿಗೆ ನಲವತ್ತು. ಇಳಿಯುವಾಗ ಕೋಲು ಬೇಕೇಬೇಕು. ಸಂಕೋಚ ಬೇಡ, ನಾನೂ ಮೊದಲು ಬೇಡವೆಂದು ಆಮೇಲೆ ದಾರಿಯಲ್ಲಿ ಬಿದ್ದಿದ್ದ ಕೋಲನ್ನೇ ಎತ್ತಿಕೊಂಡವನು.

ಕುಡ್ಲೆಯ ಮರಳಿನಲ್ಲಿ ಸಣ್ಣ ಸಣ್ಣ ಗುಂಡುಗಳ ರಂಗೋಲಿ ಬಿದ್ದಿತ್ತು. ಕಡ್ಲೆಕಾಳಿಗಿಂತ ಚಿಕ್ಕ ಏಡಿಗಳು ಮರಳನ್ನು ಬಾಯಿಗಿಟ್ಟು, ಅದರಲ್ಲಿರುವ ಆಹಾರವನ್ನಷ್ಟೇ ತಿಂದು, ಉಳಿದದ್ದನ್ನು ಉಂಡೆ ಮಾಡಿ ಬಿಟ್ಟ ಗುರುತು ಅದು. ನಾನು ಬಗ್ಗಿ ಅದನ್ನು ನೋಡುತ್ತಿದ್ದೆ.

ಆಗಲೇ ಆದದ್ದು. ಅವಳು ಆಡಲು ಆರಿಸಿಕೊಂಡದ್ದು ಅಲೆಯಿಲ್ಲದ ಜಾಗ. ಎಡಕ್ಕೂ ಬಲಕ್ಕೂ ಬಿಳಿ ನೊರೆ ಏಳುತ್ತಿತ್ತು, ನಡುವೆ ಒಂದು ಪಟ್ಟಿಯಷ್ಟು ನೀರು ಮಾತ್ರ ಸುಮ್ಮನೆ ಕಪ್ಪಗೆ ಮಲಗಿತ್ತು. ಕೆರೆಯ ಹಾಗೆ. ಒಂದು ಚಪ್ಪಲಿ ತೇಲಿತು, ಹಿಡಿಯಲು ಎರಡು ಹೆಜ್ಜೆ ಇಟ್ಟಳು. ಮೊಣಕಾಲಿನಷ್ಟೇ ನೀರು. ಆದರೆ ಅವಳ ಪಾದದ ಕೆಳಗಿನ ಮರಳೇ ಜಾರಿತು. ಕೂತಳು, ಕೂತಂತೆಯೇ ಒಳಗೆ ಸರಿಯತೊಡಗಿದಳು. ನಾನು ಓಡಿದೆ ಎನ್ನಬೇಕು, ಆದರೆ ಅರವತ್ತೆಂಟರಲ್ಲಿ ಮರಳಿನ ಮೇಲೆ ಯಾರೂ ಓಡುವುದಿಲ್ಲ. ಸೀಟಿಯ ಸದ್ದು ಕೇಳಿತು. ಕಾವಲಿಗಿದ್ದ ಜೀವರಕ್ಷಕ ಹುಡುಗ ನನ್ನನ್ನು ದಾಟಿ ಹೋಗಿ ಅವಳ ರಟ್ಟೆ ಹಿಡಿದು ಎಳೆದು ತಂದ. ಎಲ್ಲ ಸೇರಿ ಅರ್ಧ ನಿಮಿಷವೂ ಆಗಿರಲಿಕ್ಕಿಲ್ಲ.

ಅವನು ಬೈಯಲಿಲ್ಲ. "ಅಜ್ಜಾ, ಮಗುವಿನ ಕೈ ಬಿಡಬೇಡಿ" ಎಂದ. ಆಮೇಲೆ ನಮ್ಮಿಬ್ಬರನ್ನೂ ಬಂಡೆಯ ಮೇಲೆ ನಿಲ್ಲಿಸಿ ನೀರು ತೋರಿಸಿದ. ಅಲೆಗಳು ದಡಕ್ಕೆ ತಂದು ಸುರಿದ ನೀರೆಲ್ಲ ಹಿಂದಕ್ಕೆ ಹೋಗಬೇಕಲ್ಲ, ಅದು ತಗ್ಗು ಹುಡುಕುತ್ತದೆ. ಆ ತಗ್ಗಿನಲ್ಲಿ ಅಲೆ ಒಡೆಯುವುದಿಲ್ಲ, ನೊರೆ ಬರುವುದಿಲ್ಲ, ನೋಡಲು ಶಾಂತ. ಆದರೆ ನೀರೆಲ್ಲ ಒಳಗೆ ಓಡುವುದು ಅಲ್ಲಿಂದಲೇ.

"ಕೋಡಿ ಥರ" ಎಂದಳು ನಮ್ಮ ಹುಡುಗಿ, ಇನ್ನೂ ನಡುಗುತ್ತ.

ಹೌದು, ಕೋಡಿಯೇ. ಕೆರೆ ತುಂಬಿದಾಗ ಹೆಚ್ಚಿನ ನೀರು ಏರಿಯನ್ನೆಲ್ಲ ಬಿಟ್ಟು ಕೋಡಿಯಲ್ಲಿ ನುಗ್ಗುವಂತೆ. ವ್ಯತ್ಯಾಸವೇನೆಂದರೆ ಕೆರೆಯ ಕೋಡಿ ಒಂದೇ ಕಡೆ ಇರುತ್ತದೆ, ಸಮುದ್ರದ್ದು ಇಂದು ಇಲ್ಲಿ, ನಾಳೆ ಬೇರೆಲ್ಲೋ.

ಬಯಲುಸೀಮೆಯ ನಾವು ನೀರು ಕಲಿತದ್ದು ಕೆರೆಯಿಂದ. ಸದ್ದು ಮಾಡುವ ನೀರಿಗೆ ಹೆದರು, ಸುಮ್ಮನಿರುವುದನ್ನು ನಂಬು ಎಂಬುದು ನಮ್ಮ ಕಣ್ಣಿನ ಅಭ್ಯಾಸ. ಕಡಲಿನಲ್ಲಿ ಅದು ತಿರುಗುಮುರುಗು. 2024ರ ಡಿಸೆಂಬರಿನಲ್ಲಿ ಶಾಲಾ ಪ್ರವಾಸಕ್ಕೆಂದು ಮುರುಡೇಶ್ವರಕ್ಕೆ ಬಂದಿದ್ದ ಕೋಲಾರ ಜಿಲ್ಲೆಯ ನಾಲ್ವರು ವಿದ್ಯಾರ್ಥಿನಿಯರು ಸಮುದ್ರದಲ್ಲಿ ಮುಳುಗಿ ತೀರಿಕೊಂಡರು. ಆ ಸುದ್ದಿಯನ್ನು ಪತ್ರಿಕೆಯಲ್ಲಿ ಓದಿ ಮರುಗಿದ್ದವನೇ ನಾನು. ಆದರೂ ಏಡಿ ನೋಡುತ್ತ ಬೆನ್ನು ತಿರುಗಿಸಿದ್ದೆ.

ಆ ಹುಡುಗ ಹೇಳಿದ್ದನ್ನು ಮಕ್ಕಳಿಗಾಗಿ ಇಲ್ಲಿ ಬರೆಯುತ್ತೇನೆ. ನೀರಿಗಿಳಿಯುವ ಮುಂಚೆ ಹತ್ತು ನಿಮಿಷ ದಡದಲ್ಲಿ ನಿಂತು, ಅಲೆ ಎಲ್ಲಿ ಒಡೆಯುವುದಿಲ್ಲ ಎಂದು ನೋಡಿ, ಅಲ್ಲಿಗೆ ಹೋಗಬೇಡಿ. ಚಪ್ಪಲಿ, ಚೆಂಡು ಹೋದರೆ ಹೋಗಲಿ. ಸೆಳೆತಕ್ಕೆ ಸಿಕ್ಕರೆ ದಡದ ಕಡೆಗೇ ಈಜಲು ಹೆಣಗಿ ಸುಸ್ತಾಗಬಾರದು, ತೇಲಿಕೊಂಡು ಕೈ ಎತ್ತಿ ಕೂಗಬೇಕು. ಈಜು ಬಂದರೆ ದಡಕ್ಕೆ ಸಮಾನಾಂತರವಾಗಿ ಪಕ್ಕಕ್ಕೆ ಸರಿಯಬೇಕು, ಸೆಳೆತದ ಪಟ್ಟಿ ಅಷ್ಟು ಅಗಲವಿರುವುದಿಲ್ಲ. ದೊಡ್ಡವರಿಗೂ ಒಂದು ಮಾತು: ಸೀಟಿಯವನನ್ನು ಕೂಗದೆ ಹಿಂದೆಯೇ ಹಾರಬೇಡಿ. ತೇಲುವಂಥದ್ದೇನಾದರೂ ಎಸೆಯಿರಿ, ಖಾಲಿ ನೀರಿನ ಕ್ಯಾನ್ ಆದರೂ ಸರಿ. ಮಳೆಗಾಲದಲ್ಲಂತೂ ನೀರಿನ ಹತ್ತಿರವೇ ಹೋಗಬಾರದು.

ಮುಂದೆ ಹೋಗುವುದೋ ವಾಪಸ್ ಬರುವುದೋ? ವಾಪಸ್ ಹೋಗೋಣ ಎಂದು ನನಗೆ. ಅವಳಿಗೆ ಓಂ ತೀರ ನೋಡಲೇಬೇಕು. ಬರಿಗಾಲಾಗಿದ್ದವಳಿಗೆ ದಡದ ಅಂಗಡಿಯಲ್ಲಿ ಚಪ್ಪಲಿ ಕೊಂಡು, ತಣ್ಣನೆಯ ಕೋಕಂ ಪಾನಕ ಕುಡಿದು, ಇನ್ನೊಂದು ಗುಡ್ಡ ಹತ್ತಿದೆವು. ಈ ಸಲ ಕೈ ಹಿಡಿದವಳು ಅವಳೇ.

ಓಂ ತೀರವನ್ನು ಮೇಲಿನಿಂದಲೇ ನೋಡಬೇಕು. ಎರಡು ಅರ್ಧಚಂದ್ರದ ದಡಗಳ ನಡುವೆ ಬಂಡೆಗಳ ಮೂತಿ ಕಡಲಿಗೆ ಚಾಚಿ, ಇಡೀ ತೀರ ಓಂಕಾರದ ಬಳ್ಳಿಯಂತೆ ಕಾಣುತ್ತದೆ. ಅವಳು ಅಕ್ಷರದ ಬಗ್ಗೆ ಏನೂ ಹೇಳಲಿಲ್ಲ. ಬಂಡೆಯ ಮೇಲೆ ಕೂತು ನೊರೆಯ ಸಾಲುಗಳನ್ನೇ ನೋಡುತ್ತ ಸ್ವಲ್ಪ ಹೊತ್ತಿಗೆ ಬೆರಳು ತೋರಿಸಿದಳು, "ತಾತ, ಅಲ್ಲೊಂದು ಕೋಡಿ." ಇನ್ನೂ ದಕ್ಷಿಣಕ್ಕೆ ಹಾಫ್ ಮೂನ್, ಪ್ಯಾರಡೈಸ್ ಎಂಬ ತೀರಗಳಿವೆ, ದಾರಿ ಕಲ್ಲುಬಂಡೆಯದು. ನನ್ನ ಮಂಡಿ ಬೇಡವೆಂದಿತು. ಅವಳು ಸ್ವಲ್ಪ ಮುಖ ಊದಿಸಿಕೊಂಡಳು, ಅಷ್ಟೇ.

ಸಂಜೆ ಕೋಣೆಗೆ ಬರುವ ದಾರಿಯಲ್ಲಿ ಅಜ್ಜಿಗೆ ಹೇಳುವುದು ಬೇಡ ಎಂದು ನಾನೇ ಸೂಚಿಸಿದೆ. ಹೂಂ ಎಂದಳು. ಬಾಗಿಲು ತೆರೆದ ಮರುಕ್ಷಣ ಎಲ್ಲ ಹೇಳಿದಳು. ಆ ರಾತ್ರಿ ನನಗೆ ಬಿದ್ದ ಬೈಗುಳ ಇಲ್ಲಿ ಬರೆಯುವಂಥದ್ದಲ್ಲ.

ಮರುದಿನ ಮೂವರೂ ಸಾಣಿಕಟ್ಟಾಕ್ಕೆ ಹೋದೆವು. ಇಲ್ಲಿ ಅಘನಾಶಿನಿ ನದಿ ಕಡಲು ಸೇರುವ ಅಳಿವೆಯ ಹತ್ತಿರ ಉಪ್ಪಿನ ಗದ್ದೆಗಳಿವೆ. ಶಿರಸಿಯ ಕಡೆ ಹುಟ್ಟಿ, ದೊಡ್ಡ ಅಣೆಕಟ್ಟೆಯಿಲ್ಲದೆ ಹರಿದು ಬರುವ ನದಿ ಇದು. 2024ರಲ್ಲಿ ಇದರ ಅಳಿವೆಗೆ ರಾಮ್ಸರ್ ತಾಣವೆಂಬ ಅಂತರರಾಷ್ಟ್ರೀಯ ಮಾನ್ಯತೆ ಸಿಕ್ಕಿತು. ದಿನಕ್ಕೆರಡು ಸಲ ಉಬ್ಬರ, ಎರಡು ಸಲ ಇಳಿತ. ಚಂದ್ರನ ಲೆಕ್ಕದ್ದಾದ್ದರಿಂದ ಪ್ರತಿದಿನ ಸುಮಾರು 50 ನಿಮಿಷ ತಡ. ಉಬ್ಬರದ ನೀರನ್ನು ಒಳಗೆ ಬಿಟ್ಟುಕೊಂಡು ಮಡಿಯಿಂದ ಮಡಿಗೆ ಹಾಯಿಸಿ ಬಿಸಿಲಿಗೆ ಒಣಗಿಸುತ್ತಾರೆ. ಒಂದು ಲೀಟರ್ ಕಡಲ ನೀರಿನಲ್ಲಿ ಸುಮಾರು 35 ಗ್ರಾಂ ಉಪ್ಪಿನಂಶ. ಅಂದರೆ ಒಂದು ಕಿಲೋ ಉಪ್ಪಿಗೆ ಎಷ್ಟು ಲೀಟರ್? ನಮ್ಮ ಹುಡುಗಿ ಮರಳಿನಲ್ಲಿ ಭಾಗಾಕಾರ ಮಾಡಿ 28 ಎಂದಳು, ಸ್ವಲ್ಪ ಚಿಲ್ಲರೆ ಬಿಟ್ಟು.

ಅಳಿವೆಯ ಪಕ್ಕದ ಗಜನಿ ಭೂಮಿಗಳಲ್ಲಿ ಮಳೆಗಾಲಕ್ಕೆ ಉಪ್ಪುನೀರು ತಾಳಿಕೊಳ್ಳುವ ಭತ್ತ ಬೆಳೆಯುತ್ತಾರೆ. ಅದರ ಹೆಸರು ಕಗ್ಗ. ಕಗ್ಗವೆಂದರೆ ಡಿವಿಜಿಯವರಷ್ಟೇ ನೆನಪಾಗುವ ನನಗೆ ಇದು ಹೊಸದು. ಒಳಗಿನ ನೀರು, ಹೊರಗಿನ ನೀರು ನೋಡಿಕೊಂಡು ತೆಗೆದು ಮುಚ್ಚುವ ಬಾಗಿಲಿಗೆ ಜಂತ್ರಡಿ ಎನ್ನುತ್ತಾರೆ. "ಇದು ತೂಬು" ಎಂದು ಮೊಮ್ಮಗಳು ಅಜ್ಜಿಗೆ ವಿವರಿಸಿದಳು.

ಅಜ್ಜಿ ಎರಡು ಕಿಲೋ ಹರಳುಪ್ಪು ಕೊಂಡಳು. ಈ ಬೇಸಿಗೆಯ ಮಾವಿನಕಾಯಿ ಉಪ್ಪಿನಕಾಯಿಗೆ ಅದನ್ನೇ ಹಾಕಿದ್ದಾಳೆ. ಜಾಡಿಯ ಮುಚ್ಚಳ ಇನ್ನೂ ತೆಗೆದಿಲ್ಲ. ಯಲಹಂಕ ಕೆರೆಗೆ ಕಳೆದ ಭಾನುವಾರ ಹೋದಾಗ ನಮ್ಮ ಹುಡುಗಿ ಹೆಜ್ಜಾರ್ಲೆ ಎಣಿಸಲಿಲ್ಲ. ಮೊದಲು ಇದರ ಕೋಡಿ ತೋರಿಸಿ ಎಂದು ಹಟ ಹಿಡಿದಳು. ಇಷ್ಟು ವರ್ಷ ಅದೇ ಏರಿಯ ಮೇಲೆ ನಡೆದವನು ನಾನು, ದಾರಿ ಕೇಳಿಕೊಂಡು ಹೋಗಬೇಕಾಯಿತು.