ಅರ್ಜಿ ನಮೂನೆಯ ವೇಷವಿಧಾನ

ಬೆಳಗಿನ ರೈಲಿನಲ್ಲಿ ಬಂಗಾರಪೇಟೆಯಿಂದ ಬೆಂಗಳೂರಿಗೆ ಕೆಲಸಕ್ಕೆ ಹೋಗಿಬರುವ ಅಸಂಖ್ಯ ಜನರಲ್ಲಿ, ಕೈಯ ಮೊಬೈಲಿನಲ್ಲಿ ಒಂದಲ್ಲ ಒಂದು ಫಾರಂ ತುಂಬದೆ ತಿಂಗಳು ಕಳೆಯುವವರು ಈಗ ವಿರಳವೆಂದೇ ಹೇಳಬೇಕು. ಮಗುವಿನ ಶಾಲಾಪ್ರವೇಶವಿರಲಿ, ರಕ್ತದಾನ ಶಿಬಿರವಿರಲಿ, ಹಳೆಯ ವಿದ್ಯಾರ್ಥಿಗಳ ಸಮಾವೇಶವಿರಲಿ, ಮೊದಲು ವಾಟ್ಸಾಪಿಗೆ ಒಂದು ಲಿಂಕು ಬರುತ್ತದೆ. ಒತ್ತಿದೊಡನೆ ಪ್ರಶ್ನಾವಳಿ ತೆರೆದುಕೊಳ್ಳುತ್ತದೆ. ಇಂಥ ಪ್ರಶ್ನಾವಳಿಗಳನ್ನು ರಚಿಸಿಕೊಡುವ ತಂತ್ರಾಂಶವೂ ಒಂದು ಯಂತ್ರವೇ ಸರಿ. ಅದರ ಅಂಗಗಳಲ್ಲಿ ಥೀಮ್ ಎಂಬುದು ಕೇವಲ ಶೃಂಗಾರದ ಸಾಮಗ್ರಿಯೆಂದು ಉಪೇಕ್ಷೆಗೆ ಒಳಗಾಗಿದ್ದರೂ, ನನ್ನ ಮಟ್ಟಿಗೆ ಆ ಯಂತ್ರದಲ್ಲಿ ಅದಕ್ಕಿಂತ ಚತುರವಾದ ಭಾಗ ಬೇರೊಂದಿಲ್ಲ.

ನಮ್ಮ ಕಣ್ಣಿಗೆ ಫಾರಂ ಏಕವಸ್ತುವಾಗಿ ತೋರಿದರೂ ಯಂತ್ರದ ಉಗ್ರಾಣದಲ್ಲಿ ಅದು ಎರಡು ಪ್ರತ್ಯೇಕ ಬರಹಗಳಾಗಿ ಇರುತ್ತದೆ. ಪ್ರಶ್ನೆಗಳಾವುವು, ಅವುಗಳ ಕ್ರಮವೇನು, ಯಾವುದಕ್ಕೆ ಉತ್ತರ ಕಡ್ಡಾಯ ಎಂಬುದೆಲ್ಲ ಒಂದರಲ್ಲಿ. ಹಿನ್ನೆಲೆಯ ಬಣ್ಣ, ಫಾಂಟು, ಗುಂಡಿಯ ಆಕಾರ, ಸಂಸ್ಥೆಯ ಲಾಂಛನ ಮತ್ತೊಂದರಲ್ಲಿ. ಈ ಎರಡನೆಯದೇ ಥೀಮು. ಓದುಗನು ಲಿಂಕನ್ನು ಒತ್ತಿದ ಕ್ಷಣದಲ್ಲಿ ಬ್ರೌಸರು ಇವೆರಡನ್ನೂ ಕೂಡಿಸಿ ಪುಟವನ್ನು ಚಿತ್ರಿಸುತ್ತದೆ. ವಿಷಯವನ್ನೂ ವೇಷವನ್ನೂ ಹೀಗೆ ಬೇರ್ಪಡಿಸಬೇಕೆಂಬ ವಿಚಾರವನ್ನು ಅಂತರ್ಜಾಲದ ಪುಟಗಳಿಗಾಗಿ 1994ರಲ್ಲಿ ಮಂಡಿಸಿದವರು ನಾರ್ವೆಯ ಹೋಕೋನ್ ವಿಯುಮ್ ಲೀ. ಅದರಿಂದ ಹುಟ್ಟಿದ ಸಿಎಸ್ಎಸ್ ಎಂಬ ಶೈಲಿಭಾಷೆ 1996ರ ಡಿಸೆಂಬರಿನಲ್ಲಿ ಅಧಿಕೃತ ಶಿಫಾರಸಾಗಿ ಹೊರಬಂದಿತು. ಇಂದಿನ ಥೀಮುಗಳೆಲ್ಲ ಅದರ ಸಂತತಿಯೇ.

ಆದರೆ ಥೀಮನ್ನು ಮತ್ತೆ ಮತ್ತೆ ಬಳಸುವುದರಲ್ಲಿಯೂ ಎರಡು ಬಗೆಯುಂಟು. ಹಳೆಯ ಫಾರಮಿನ ನಕಲು ತೆಗೆದು, ಪ್ರಶ್ನೆಗಳನ್ನು ತಿದ್ದಿ, ಹೊಸದೆಂದು ಕಳುಹಿಸುವುದು ನಮ್ಮಲ್ಲಿ ಬಹುಮಂದಿ ಮಾಡುವ ಕೆಲಸ. ಹಾಗೆ ಮಾಡಿದಾಗ ವೇಷವೂ ನಕಲಾಗಿ ಪ್ರತಿಯೊಂದು ಫಾರಮಿಗೂ ಅಂಟಿಕೊಳ್ಳುವುದರಿಂದ, ಮುಂದೆ ಲಾಂಛನ ಬದಲಾದರೆ ಒಂದೊಂದನ್ನೂ ತೆರೆದು ತಿದ್ದಬೇಕಾಗುತ್ತದೆ. ಎರಡನೆಯ ಬಗೆಯಲ್ಲಿ ಫಾರಮಿನೊಳಗೆ ಥೀಮು ಇರುವುದೇ ಇಲ್ಲ. ಅದರ ವಿಳಾಸ ಮಾತ್ರ ಇರುತ್ತದೆ. 2012ರಲ್ಲಿ ಬಾರ್ಸೆಲೋನಾದಲ್ಲಿ ಆರಂಭವಾದ ಟೈಪ್‌ಫಾರ್ಮ್ ಎಂಬ ಫಾರಂ ಸೇವೆ ಈ ಕ್ರಮದ್ದು. ನಮ್ಮ ಕೋಲಾರದ ಚಿನ್ನದ ಗಣಿಗಳಿಗೆ 1902ರಲ್ಲಿ ಸುಮಾರು 147 ಕಿಲೋಮೀಟರು ದೂರದ ಶಿವನಸಮುದ್ರದಿಂದ ತಂತಿಯ ಮೂಲಕ ವಿದ್ಯುತ್ತು ಹರಿದುಬಂದಾಗ ಆ ಶಕ್ತಿಯನ್ನೆಲ್ಲ ಗಣಿಯ ಬಾಯಲ್ಲೇ ಉತ್ಪಾದಿಸಿಕೊಳ್ಳುವ ಅಗತ್ಯ ಹೇಗೆ ತಪ್ಪಿತೋ, ಹಾಗೆಯೇ ಇಲ್ಲಿಯೂ ಫಾರಂಗಳೆಲ್ಲ ಒಂದೇ ಮೂಲದಿಂದ ತಮ್ಮ ರೂಪವನ್ನು ಪಡೆದುಕೊಳ್ಳುತ್ತವೆ. ಮೂಲದಲ್ಲಿ ಬಣ್ಣವನ್ನು ಒಮ್ಮೆ ಬದಲಿಸಿದರೆ ಸಾಕು, ನೂರು ಫಾರಂಗಳೂ ಬದಲಾಗುತ್ತವೆ.

ಮೂಲದಲ್ಲಿ ದೋಷವಿದ್ದರೂ ಅಷ್ಟೇ, ನೂರೂ ಕೆಡುತ್ತವೆ. ಬಂಗಾರಪೇಟೆಯೆಂಬ ಹೆಸರಿಗೆ ಒಪ್ಪುವಂತೆ ಬಂಗಾರದ ಬಣ್ಣದ ಗುಂಡಿಯನ್ನಿಟ್ಟು ಅದರ ಮೇಲೆ ಬಿಳಿಯ ಅಕ್ಷರವನ್ನು ಬರೆಯುವ ಆಸೆ ಯಾರಿಗಾದರೂ ಬಂದೀತು. ಸಾಧಾರಣ ಗಾತ್ರದ ಅಕ್ಷರಕ್ಕೂ ಅದರ ಹಿನ್ನೆಲೆಗೂ ಪ್ರಕಾಶದ ಅನುಪಾತ ಕನಿಷ್ಠ 4.5 ಇರಬೇಕೆಂಬುದು ಅಂತರ್ಜಾಲದ ಸುಗಮ್ಯತೆಯ ನಿಯಮ. ಬ್ರೌಸರುಗಳು ಚಿನ್ನವೆಂದು ಹೆಸರಿಟ್ಟಿರುವ ಹಳದಿಯ ಮೇಲೆ ಬಿಳಿಗೆ ಸಿಕ್ಕುವುದು ಸುಮಾರು 1.4 ಮಾತ್ರ, ಅದೇ ಹಳದಿಯ ಮೇಲೆ ಕಪ್ಪಕ್ಷರವಿಟ್ಟರೆ ಅನುಪಾತ 15ರ ಸಮೀಪಕ್ಕೆ ಏರುತ್ತದೆ. ಬಿಸಿಲಿನಲ್ಲಿ ಪ್ಲಾಟ್‌ಫಾರಮಿನ ಮೇಲೆ ನಿಂತು ಓದುವವರ ಪಾಡನ್ನು ನೆನೆದರೆ ಈ ಲೆಕ್ಕ ಒಣಗಣಿತವೆನಿಸದು.

ಕನ್ನಡಕ್ಕೆ ಮತ್ತೂ ಒಂದು ತೊಡಕುಂಟು. ಹೆಚ್ಚಿನ ಥೀಮುಗಳನ್ನು ರೋಮನ್ ಲಿಪಿಯನ್ನು ಮನಸ್ಸಿನಲ್ಲಿಟ್ಟುಕೊಂಡು ರೂಪಿಸಿರುವುದರಿಂದ ಸಾಲುಗಳ ನಡುವಿನ ಎಡೆ ಕಿರಿದು, ಉತ್ತರ ಬರೆಯುವ ಚೌಕದ ಎತ್ತರವೂ ಕಡಮೆ. ನಮ್ಮ ಅಕ್ಷರಗಳಾದರೋ ಕೆಳಗೂ ಬೆಳೆಯುತ್ತವೆ. ಚಿನ್ನದ ಗಣಿಗಳ ಊರಾದ ಕೆ.ಜಿ.ಎಫ್.ನ ರಾಬರ್ಟ್‌ಸನ್ ಪೇಟೆಯ ಹೆಸರನ್ನೇ ಒತ್ತಕ್ಷರಗಳನ್ನು ಬಿಡಿಸದೆ 'ರಾಬರ್ಟ್ಸನ್' ಎಂದು ಬರೆದು ನೋಡಿ: ಟಕಾರದ ಅಡಿಯಲ್ಲಿ ಸಕಾರದ ಒತ್ತು, ಪಕ್ಕದಲ್ಲಿ ಅರ್ಕಾವತ್ತು. ಚೌಕ ಕಿರಿದಾದರೆ ಆ ಒತ್ತಿನ ಬುಡವೇ ಕತ್ತರಿಸಿಹೋಗುತ್ತದೆ. ಫಾಂಟು ಕನ್ನಡವನ್ನು ಅರಿಯದಿದ್ದರೆ ಬ್ರೌಸರು ಬೇರೊಂದು ಫಾಂಟನ್ನು ಎರವಲು ತಂದು, ಶೀರ್ಷಿಕೆಗೂ ಪ್ರಶ್ನೆಗೂ ಹೊಂದಿಕೆಯಿಲ್ಲದಂತೆ ಮಾಡುತ್ತದೆ. ಕನ್ನಡದ ಜೊತೆಗೆ ತಮಿಳು ತೆಲುಗುಗಳೂ ಬೀದಿಬೀದಿಯಲ್ಲಿ ಕೇಳಿಬರುವ ಈ ಸೀಮೆಯಲ್ಲಿ, ಮೂರು ಲಿಪಿಗಳಿಗೂ ರೂಪಗಳುಳ್ಳ ನೋಟೊದಂಥ ಫಾಂಟುಕುಟುಂಬವನ್ನು ಆರಿಸಿಕೊಂಡು, ಸಾಲಿನ ಎತ್ತರವನ್ನು ಅಕ್ಷರದ ಒಂದೂವರೆ ಪಟ್ಟಿಗಿಂತ ಕಡಮೆಯಾಗದಂತೆ ಇಡುವುದು ಲೇಸು.

ಶಾಲೆಗೋ ಸಂಘಕ್ಕೋ ಫಾರಂ ಸಿದ್ಧಪಡಿಸುವ ಮಹನೀಯರಲ್ಲಿ ನನ್ನದೊಂದು ಬಿನ್ನಹ: ಥೀಮನ್ನು ಒಂದೇ ಕಡೆ ಕಟ್ಟಿಡಿ, ಎಲ್ಲ ಫಾರಂಗಳಿಗೂ ಅದನ್ನೇ ಜೋಡಿಸಿ, ಆದರೆ ಜೋಡಿಸುವ ಮುನ್ನ ರಾಬರ್ಟ್ಸನ್ ಎಂದು ಕನ್ನಡದಲ್ಲಿ ಬರೆದು, ಅಗ್ಗದ ಮೊಬೈಲೊಂದರಲ್ಲಿ ತೆರೆದು, ಅಂಗಳದ ಬಿಸಿಲಿಗೆ ಹಿಡಿದು ಒಮ್ಮೆ ಓದಿ ನೋಡಿ.