ರವದಿ ಸುಡದಿರಿ, ಸಂಘದಲ್ಲಿ ಕೂಡಿಸಿರಿ

ಕೃಷ್ಣಾ, ಘಟಪ್ರಭಾ ನದಿಗಳ ದಂಡೆಯ ಕಬ್ಬಿನ ಪ್ರದೇಶದಲ್ಲಿ ಕಾರ್ಖಾನೆಗಳು ಕಬ್ಬು ನುರಿಸಲು ತೊಡಗಿದವೆಂದರೆ ಸಂಜೆಯ ಹೊತ್ತು ಹೊಲಗಳಲ್ಲಿ ಬೆಂಕಿ ಕಾಣುವುದು ಸಾಮಾನ್ಯ. ಕಡಿದ ಹೊಲದಲ್ಲಿ ಉಳಿದ ರವದಿಗೆ ಕಡ್ಡಿ ಗೀರಿದರೆ ಅರ್ಧ ತಾಸಿನಲ್ಲಿ ಹೊಲ ಸ್ವಚ್ಛ. ಆದರೆ ಆ ಅರ್ಧ ತಾಸಿನಲ್ಲಿ ಹೋದದ್ದೇನು? ಎಕರೆಗೆ 3ರಿಂದ 4 ಟನ್ ರವದಿ ಬೀಳುತ್ತದೆ. ಅದರಲ್ಲಿ ಶೇಕಡಾ 0.4ರಷ್ಟು ಸಾರಜನಕವಿದೆ. ಎಂದರೆ ಎಕರೆಯೊಂದಕ್ಕೆ ಸುಮಾರು 30 ಕಿಲೋ ಯೂರಿಯಾದಲ್ಲಿರುವಷ್ಟು ಸಾರಜನಕ ಹೊಗೆಯ ಪಾಲು. ಗಂಧಕವೂ ಬಹುಮಟ್ಟಿಗೆ ಅದರ ಜೊತೆಗೇ ಹೋಗುತ್ತದೆ. ಪೊಟ್ಯಾಷ್ ಬೂದಿಯಲ್ಲಿ ಉಳಿಯುತ್ತದೆ, ನಿಜ. ಆದರೆ ಎರೆಭೂಮಿಗೆ ಎಲ್ಲಕ್ಕಿಂತ ಹೆಚ್ಚು ಬೇಕಾದ ಸಾವಯವ ಪದಾರ್ಥ ಒಂದಿಷ್ಟೂ ಉಳಿಯದು.

ಕುಳೆ ಬಿಡುವ ರೈತರು ರವದಿಯನ್ನು ಹೊರಗೆ ಸಾಗಿಸುವ ಗೊಡವೆಗೆ ಹೋಗಬೇಕಾಗಿಲ್ಲ. ಸಾಲು ಬಿಟ್ಟು ಸಾಲಿಗೆ ಹೊದಿಸಿದರೆ ಅದು ತೇವವನ್ನೂ ಕಾಯುತ್ತದೆ, ಕಳೆಯನ್ನೂ ತಡೆಯುತ್ತದೆ, ಅಲ್ಲಿಯೇ ಕೊಳೆಯುತ್ತದೆ. ಕುಳೆ ಕಿತ್ತು ಬೇರೆ ಬೆಳೆ ಹಾಕುವವರ ಹೊಲದ ರವದಿಯ ಮಾತೇ ಬೇರೆ. ಅದಕ್ಕೆ ಕಾಂಪೋಸ್ಟ್ ತಯಾರಿಕೆಯೇ ದಾರಿ.

ಹಾಗಾದರೆ ರೈತರು ಇದನ್ನು ಮಾಡುತ್ತಿಲ್ಲವೇಕೆ? ವಿಧಾನ ತಿಳಿಯದೆ ಅಲ್ಲ. ಆಲ್ಬರ್ಟ್ ಹೋವಾರ್ಡ್ ಮತ್ತು ಯಶವಂತ ವಾಡ್ ಅವರು ಇಂದೂರಿನಲ್ಲಿ ರೂಪಿಸಿದ ವಿಧಾನ ಪ್ರಕಟವಾದದ್ದು 1931ರಲ್ಲಿ. ತೊಡಕು ಇರುವುದು ಬೇರೆಡೆ. ಟ್ರ್ಯಾಕ್ಟರ್ ಬಂದ ಮೇಲೆ ಕಬ್ಬು ಇದ್ದವರ ಮನೆಯಲ್ಲಿ ಎತ್ತುಗಳಿಲ್ಲ, ಸಗಣಿಯಿಲ್ಲ. ನಾಲ್ಕು ಎಮ್ಮೆ ಕಟ್ಟಿದವರಿಗೆ ಕಬ್ಬಿನ ಹೊಲವಿಲ್ಲ. ರವದಿ ಕತ್ತರಿಸುವ ಯಂತ್ರ ಕೊಳ್ಳುವುದು ಒಬ್ಬೊಬ್ಬರ ಕೈಲಾಗುವ ಮಾತಲ್ಲ. ಇವೆಲ್ಲ ಒಂದೇ ಕಡೆ ಕೂಡಬೇಕಾದರೆ ಊರಿನ ಸಹಕಾರ ಸಂಘವೇ ತಕ್ಕ ಸ್ಥಳ. 1905ರಲ್ಲಿಯೇ ಗದಗ ಬಳಿಯ ಕಣಗಿನಹಾಳದಲ್ಲಿ ಪತ್ತಿನ ಸಂಘ ಕಟ್ಟಿದ ನಾಡು ನಮ್ಮದು. ಹಣ ಕೂಡಿಸಲು ಬಂದದ್ದು ಗೊಬ್ಬರ ಕೂಡಿಸಲು ಬಾರದೇ ಇರಲಾರದು.

ಗುಡ್ಡೆ ಹಾಕುವ ಕ್ರಮ

ರವದಿಯಲ್ಲಿ ಸಾರಜನಕದ ನೂರು ಪಟ್ಟಿಗೂ ಹೆಚ್ಚು ಇಂಗಾಲವಿದೆ. ಆದ್ದರಿಂದ ಅದೊಂದೇ ಬೇಗ ಕೊಳೆಯದು. 4ರಿಂದ 6 ಅಂಗುಲದ ತುಂಡುಗಳಾಗಿ ಕತ್ತರಿಸಿ, ಒಂದು ಟನ್ ರವದಿಗೆ 500 ಕಿಲೋ ಹಸಿ ಸಗಣಿ, ಕಾರ್ಖಾನೆಯ ಪ್ರೆಸ್‌ಮಡ್ 500 ಕಿಲೋ ಹಾಗೂ ನೀರಿನಲ್ಲಿ ಕರಗಿಸಿದ 8 ಕಿಲೋ ಯೂರಿಯಾ ಸೇರಿಸಬೇಕು. ಪದರ ಪದರವಾಗಿ ಹಾಕಿ 2 ಮೀಟರ್ ಅಗಲ, 1.5 ಮೀಟರ್ ಎತ್ತರದ ಗುಡ್ಡೆ ಮಾಡಬೇಕು. ಉದ್ದ ಜಾಗಕ್ಕೆ ತಕ್ಕಂತೆ ಇರಲಿ. ಸುಮಾರು ಮೂವತ್ತು ಎಕರೆಯ ರವದಿಗೆ ಅರ್ಧ ಎಕರೆ ಅಂಗಳ ಬೇಕಾದೀತು. ಅಂಗಳ ಹೊಲಗಳಿಂದ ಒಂದೆರಡು ಕಿಲೋಮೀಟರ್‌ಗಿಂತ ದೂರವಿರಕೂಡದು. ರವದಿ ಹಗುರ, ಆದರೆ ಗಾತ್ರ ದೊಡ್ಡದು. ಬಾಡಿಗೆಯೇ ಗೊಬ್ಬರದ ಬೆಲೆಯನ್ನು ನುಂಗೀತು.

ಹೆಚ್ಚಿನವರು ತಪ್ಪುವುದು ನೀರಿನಲ್ಲಿ. ಒಂದು ಟನ್ ರವದಿಗೆ ಮೊದಲ ಸಲವೇ 800ರಿಂದ 1,000 ಲೀಟರ್ ನೀರು ಬೇಕು. ಮುಷ್ಟಿಯಲ್ಲಿ ಹಿಂಡಿದರೆ ಬೆರಳ ಸಂದಿಯಲ್ಲಿ ತೇವ ಕಾಣಬೇಕು, ನೀರು ಧಾರೆಯಾಗಿ ಸುರಿಯಬಾರದು. ವಾರದೊಳಗೆ ಗುಡ್ಡೆಯ ಉಷ್ಣತೆ 55ರಿಂದ 65 ಡಿಗ್ರಿ ಸೆಲ್ಸಿಯಸ್‌ಗೆ ಏರುತ್ತದೆ. ಕಬ್ಬಿಣದ ಸಲಾಕೆಯನ್ನು ಒಳಗೆ ಚುಚ್ಚಿ ಹತ್ತು ನಿಮಿಷ ಬಿಟ್ಟು ತೆಗೆದಾಗ ಕೈಯಲ್ಲಿ ಹಿಡಿಯಲು ಆಗದಿದ್ದರೆ ಕೆಲಸ ಸರಿಯಾಗಿ ನಡೆದಿದೆ ಎಂದು ತಿಳಿಯಬೇಕು. ಮೂರು ವಾರಗಳಿಗೊಮ್ಮೆ, ಒಟ್ಟು ಮೂರು ಸಲ, ತಿರುವಿ ಹಾಕಿ ನೀರು ಕೊಡಬೇಕು. ನಾಲ್ಕೈದು ತಿಂಗಳಲ್ಲಿ ಗೊಬ್ಬರ ಸಿದ್ಧವಾಗುತ್ತದೆ. ಕಾಂಗ್ರೆಸ್ ಕಳೆಯನ್ನು ಹೂ ಬಿಡುವ ಮೊದಲು ಸೇರಿಸಬಹುದು, ಅನಂತರ ಬೇಡ. ಹನಿ ನೀರಾವರಿಯ ಹರಿದ ಕೊಳವೆಗಳನ್ನು ಮಾತ್ರ ಅಂಗಳದ ಬಾಗಿಲಲ್ಲಿಯೇ ಆರಿಸಿ ತೆಗೆಯಬೇಕು.

ಪಾಲಿನ ಲೆಕ್ಕ

ಇಂತಹ ಕೂಡು ಕೆಲಸಕ್ಕೆ ಅಪಾಯ ಬರುವುದು ಕೊಳೆಯಿಸುವಲ್ಲಿ ಅಲ್ಲ, ಹಂಚುವಲ್ಲಿ. ಎರಡು ಟನ್ ಸಾಮಗ್ರಿ ಹಾಕಿದ ಗುಡ್ಡೆಯಿಂದ ಕಡೆಗೆ ದೊರೆಯುವುದು 800 ಕಿಲೋ ಆಸುಪಾಸು. ಒಣ ಪದಾರ್ಥದ ಅರ್ಧದಷ್ಟು ಕೊಳೆಯುವಾಗ ಅನಿಲವಾಗಿ ಹೋಗುತ್ತದೆ, ನೀರು ಆರುತ್ತದೆ. ಇದನ್ನು ಮೊದಲೇ ತಿಳಿಸದಿದ್ದರೆ ‘ಉಳಿದದ್ದನ್ನು ಯಾರು ಒಯ್ದರು?’ ಎಂಬ ಮಾತು ಹುಟ್ಟುತ್ತದೆ. ಹುಟ್ಟಿದ ಮೇಲೆ ಯಾವ ವಿಜ್ಞಾನಿ ಬಂದು ವಿವರಿಸಿದರೂ ಪ್ರಯೋಜನವಿಲ್ಲ. ಆದುದರಿಂದ ಇಷ್ಟು ಟನ್ ಕೊಟ್ಟರೆ ಇಷ್ಟು ಗೊಬ್ಬರ ಎಂದು ಸಂಘ ಮಾತು ಕೊಡಕೂಡದು. ಪ್ರತಿ ಗುಡ್ಡೆಗೂ ಸಂಖ್ಯೆ ಹಾಕಿ, ಯಾರ ಎಷ್ಟು ಸಾಮಗ್ರಿ ಅದರಲ್ಲಿದೆ ಎಂದು ಬರೆದು, ಬಂದ ಗೊಬ್ಬರದಲ್ಲಿ ಅದೇ ಪ್ರಮಾಣದ ಪಾಲು ಕೊಡಬೇಕು. ಬರೆದದ್ದು ದಫ್ತರದೊಳಗೆ ಇದ್ದರೆ ಸಾಲದು, ಅಂಗಳದ ಹಲಗೆಯ ಮೇಲೂ ಇರಬೇಕು.

ಒಣ ರವದಿ ಕೊಟ್ಟವರಿಗೂ ಹಸಿ ಸಗಣಿ ಕೊಟ್ಟವರಿಗೂ ಒಂದೇ ತೂಕದ ಲೆಕ್ಕವೇ ಎಂಬ ತಕರಾರು ಬರುವುದು ಸಹಜ. ಹಸಿ ಸಗಣಿಯಲ್ಲಿ ಶೇಕಡಾ 80ರಷ್ಟು ನೀರು. ಆದರೆ ಒಂದು ಟನ್ ಹಸಿ ಸಗಣಿಯಲ್ಲಿ 3ರಿಂದ 4 ಕಿಲೋ ಸಾರಜನಕವಿದೆ, ಒಂದು ಟನ್ ರವದಿಯಲ್ಲಿಯೂ ಹೆಚ್ಚುಕಡಿಮೆ ಅಷ್ಟೇ. ಟನ್ನಿಗೆ ಟನ್ ಎಂದು ಹಿಡಿದರೆ ಯಾರಿಗೂ ಅನ್ಯಾಯವಾಗದು. ರವದಿ ಮಾತ್ರ ಮಳೆಗೆ ತೊಯ್ದಿರಬಾರದು.

ಜಮೀನಿಲ್ಲದೆ ದನ ಕಟ್ಟಿದ ಕುಟುಂಬಗಳಿಗೆ ಗೊಬ್ಬರದ ಪಾಲಿನಿಂದ ಏನೂ ಉಪಯೋಗವಿಲ್ಲ. ಅವರ ಸಗಣಿಗೆ ತೂಗಿದ ದಿನವೇ ಹಣ ಕೊಡಬೇಕು. ಗುಡ್ಡೆ ತಿರುವುವ ಕೂಲಿಯನ್ನೂ ಮೊದಲು ಅವರಿಗೇ ಕೊಡುವುದು ಒಳ್ಳೆಯದು. ಈ ಖರ್ಚಿಗಾಗಿ ಸಂಘ ಪ್ರತಿ ಗುಡ್ಡೆಯ ಒಂದು ಭಾಗವನ್ನು ಇಟ್ಟುಕೊಳ್ಳಬೇಕಾಗುತ್ತದೆ. ಎಷ್ಟು ಭಾಗ ಎಂಬುದನ್ನು ಸಭೆ ತೀರ್ಮಾನಿಸಬೇಕೇ ಹೊರತು ಕಾರ್ಯದರ್ಶಿಯೊಬ್ಬರೇ ಅಲ್ಲ. ಆ ಭಾಗವನ್ನು ಹೊರಗಿನವರಿಗೆ ಮಾರುವುದಾದರೆ 1985ರ ರಸಗೊಬ್ಬರ ನಿಯಂತ್ರಣ ಆಜ್ಞೆಯ ಗುಣಮಟ್ಟಕ್ಕೆ ಅದು ಒಪ್ಪಬೇಕು. ಮೊದಲು ಮಾದರಿಯನ್ನು ಪ್ರಯೋಗಶಾಲೆಗೆ ಕಳುಹಿಸಿ ಪರೀಕ್ಷೆ ಮಾಡಿಸಿರಿ.

ಡಿಸೆಂಬರಿನಲ್ಲಿ ಹಾಕಿದ ಗುಡ್ಡೆ ಮೇ ತಿಂಗಳಿಗೆ ಸಿದ್ಧವಾಗಿ ಮುಂಗಾರಿನ ಸೋಯಾ ಅವರೆಗೂ ಗೋವಿನಜೋಳಕ್ಕೂ ಒದಗುತ್ತದೆ. ಸಂಘಗಳ ವಾರ್ಷಿಕ ಸಭೆ ಸಾಮಾನ್ಯವಾಗಿ ಸೆಪ್ಟೆಂಬರಿನಲ್ಲಿ ನಡೆಯುವುದರಿಂದ ಜಾಗ, ಯಂತ್ರ, ಪಾಲು ಈ ಮೂರನ್ನೂ ಅಲ್ಲಿಯೇ ಗೊತ್ತುಪಡಿಸಿಕೊಳ್ಳಬೇಕು. ಕಬ್ಬು ಕಡಿಯುವ ತಂಡಗಳು ಊರಿಗೆ ಬಂದ ಮೇಲೆ ಸಭೆ ಕರೆಯಲು ಯಾರಿಗೂ ಬಿಡುವಿರುವುದಿಲ್ಲ.